ನರಿಯ ಮುಖ ನೋಡದ ಅಧಿಕಾರಿಗೆ

ಮಾನ್ಯ ಅರಣ್ಯ ತಪಾಸಣಾಧಿಕಾರಿಗಳೇ,

ಮುಲುಂಡ್‌ನ ಖಾಡಿಯಂಚಿನಲ್ಲಿ, ಕಡಲ ಹಿನ್ನೀರಲ್ಲಿ ಬೆಳೆದ ಕಾಂಡ್ಲಾ ಕಾಡಿಗೆ ಲಾರಿಗಟ್ಟಲೆ ಕಲ್ಲುಮಣ್ಣು ಸುರಿದು ನರಿಗಳ ಬಿಲ ಮುಚ್ಚುತ್ತಿದ್ದಾರೆಂದು ದೂರು ಕೊಟ್ಟವನು ನಾನೇ. ನಾಲ್ಕು ತಿಂಗಳ ಮೇಲೆ ತಮ್ಮ ಉತ್ತರ ಬಂತು: ‘ತಪಾಸಣೆ ನಡೆಸಲಾಗಿ, ಸದರಿ ಸ್ಥಳದಲ್ಲಿ ನರಿ ಕಂಡುಬಂದಿರುವುದಿಲ್ಲ. ದೂರುದಾರರು ಕಂಡಿದ್ದು ಬೀದಿನಾಯಿ ಇರಬಹುದು.’ ತಾವು ಬಂದಿದ್ದು ಮಧ್ಯಾಹ್ನ ಹನ್ನೆರಡೂವರೆಗೆ, ಕಾರಿನ ಗಾಜು ಏರಿಸಿಕೊಂಡು. ನರಿ ಆ ಬಿಸಿಲಿನಲ್ಲಿ ಹೊರಗೆ ಬಂದು ತಮಗೆ ಸಲಾಮು ಹೊಡೆಯಬೇಕಿತ್ತೇ? ತಪಾಸಣೆ ಮುಗಿಸಿ ನನ್ನ ಹೋಟೆಲಿನಲ್ಲೇ ಗೋಳಿಬಜೆ ತಿಂದಿರಿ. ನರಿಯ ವಿಚಾರ ಒಮ್ಮೆಯೂ ಕೇಳಲಿಲ್ಲ, ಚಟ್ನಿಯನ್ನು ಮಾತ್ರ ಎರಡು ಸಲ ಕೇಳಿದಿರಿ.

ನರಿಯನ್ನು ಬಲ್ಲವರು ಬೇಕೆಂದರೆ ಹೋಟೆಲಿನೆದುರಿನ ನಾಕಾದಲ್ಲೇ ಇದ್ದಾರೆ. ಯಾದಗಿರಿ ಕಡೆಯ ಕೂಲಿಯವರು ದಿನಾ ಬೆಳಿಗ್ಗೆ ಕೆಲಸಕ್ಕಾಗಿ ಅಲ್ಲಿ ನಿಲ್ಲುತ್ತಾರೆ. ನರಿಯ ಮುಖ ನೋಡಿದ ದಿನ ಒಳ್ಳೆಯದಾಗುತ್ತದೆಂಬ ನಂಬಿಕೆ ಅವರದು. ಅದಕ್ಕಾಗಿ ಸುತ್ತು ಹಾಕಿ ಖಾಡಿಯ ದಂಡೆಯ ಮೇಲಿಂದಲೇ ಬರುತ್ತಾರೆ. ನಾಯಿಯ ಮುಖ ನೋಡಲು ಯಾರಾದರೂ ಅಷ್ಟು ನಡೆಯುತ್ತಾರೆಯೇ ಸ್ವಾಮಿ? ಅದು ಗಲ್ಲಿಗೆ ಹತ್ತು ಸಿಗುತ್ತದೆ.

ಕಳೆದ ವಾರ ಅವರಲ್ಲೊಬ್ಬಳಾದ ಹನುಮವ್ವ ಒಂಬತ್ತು ಗಂಟೆಗೇ ಕೆಲಸ ಬಿಟ್ಟು ಬಂದಳು. ಏನಾಯಿತೆಂದು ಕೇಳಿದೆ.

“ಮುಂಜಾನಿ ನರಿ ಮಾರಿ ನೋಡಿ ಬಂದಿದ್ನಿರಿ ಅಣ್ಣಾ. ಕೆಲಸ ಸಿಕ್ತು. ಸಿಕ್ಕಿದ್ದು ಅದರ ಮನಿ ಮುಚ್ಚೋ ಕೆಲಸ.”

“ನೀನು ಎಂತ ಮಾಡಿದೆ ಮಾರಾಯ್ತಿ?”

“ಒಳಗ ಮರಿ ಕುಂಯ್ ಅಂದ್ವು. ಬುಟ್ಟಿ ಅಲ್ಲೇ ಇಟ್ಟು ಬಂದೀನ್ರಿ.”

ಅಂದಿನಿಂದ ಮುಕಾದಮ ಅವಳನ್ನು ಕೆಲಸಕ್ಕೆ ಕರೆಯುತ್ತಿಲ್ಲ. ದಂಡೆಯಲ್ಲಿ ಉಳಿದಿರುವುದು ಆ ಒಂದೇ ಬಿಲ. ಲಾರಿ ಸುರಿದು ಹೋದ ಮೇಲೆ ಅವಳು ದಿನಾ ಹೋಗಿ ಅದರ ಬಾಯಿಗೆ ಬಿದ್ದ ಕಲ್ಲು ಸರಿಸಿ ಬರುತ್ತಾಳೆ. ತಮ್ಮ ಇಲಾಖೆಯ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿರುವವಳು ಸದ್ಯಕ್ಕೆ ಅವಳೊಬ್ಬಳೇ.

ನಿನ್ನೆ ಅವಳು ಬಿಲದ ಬಾಯಿಂದ ತೆಗೆದ ಒಂದು ತುಂಡನ್ನು ತಂದು ನನ್ನ ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. “ಇದು ನಿಮ್ದಲ್ಲೇನ್ರಿ ಅಣ್ಣಾ?” ನನ್ನದೇ. ದೀಪಾವಳಿಗೆ ಹೋಟೆಲಿನ ಅಡುಗೆಮನೆ ಒಡೆಸಿದಾಗ ಕಿತ್ತ ಹಸಿರು ಟೈಲ್ಸು. ಲಾರಿಯವನು ಅದನ್ನು ಎಲ್ಲಿಗೆ ಒಯ್ದನೆಂದು ನಾನೂ ಕೇಳಿರಲಿಲ್ಲ. ತಮಗೆ ಬೈಯಲು ಕೂತವನಿಗೆ ಬಹಳ ನಾಚಿಕೆಯಾಯಿತು.

ಆದರೂ ಬೈಯುವುದನ್ನು ಬಿಡುವುದಿಲ್ಲ. ಆ ಉತ್ತರವನ್ನು ಹಿಂದಕ್ಕೆ ಪಡೆಯಿರಿ, ಲಾರಿಗಳನ್ನು ಇವತ್ತೇ ನಿಲ್ಲಿಸಿ. ಸೋಮವಾರ ಬೆಳಿಗ್ಗೆ ಆರಕ್ಕೆ ಕಾರು ಬಿಟ್ಟು, ಹನುಮವ್ವನ ಹಿಂದೆ ನಡೆದು ಬನ್ನಿ. ನರಿಯ ಮುಖ ನೋಡಿದರೆ ತಮಗೆ ಬಡ್ತಿಯೂ ಸಿಕ್ಕೀತು. ನಾನೂ ಅಲ್ಲೇ ಬುಟ್ಟಿ ಹಿಡಿದು ಕಾಯುತ್ತಿರುತ್ತೇನೆ.

ಇಂತಿ,
ತನ್ನ ಟೈಲ್ಸನ್ನು ತಾನೇ ಹೊತ್ತು ತರಬೇಕಾದ
ಹೋಟೆಲಿನ ಶೇಖರ, ಮುಲುಂಡ್