ಮೂಲಪ್ರತಿ ಹಿಡಿದು ಕೂತವನು

ಕಣ್ಣಮ್ಮನಿಗೆ,

'ಪ್ರೀತಿಯ' ಎಂದು ಬರೆಯಲು ಬೆರಳು ತಾನಾಗಿಯೇ ಹೋಯಿತು. ಮೊದಲ ಅಕ್ಷರ ಮೂಡಿಸಿ ನಿಲ್ಲಿಸಿದೆ. ಸುಳ್ಳು ಹೇಳುವುದು ನಿನ್ನ ಇಲಾಖೆ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಕಣ್ಣಮ್ಮ ಎಂಬ ಹೆಸರನ್ನು ಮಾತ್ರ ಬಿಡಲಾಗಲಿಲ್ಲ. ಹುಟ್ಟುಕುರುಡಿಯಾದ ನನಗೆ ನೀನು ಆರು ವರ್ಷ ಕಣ್ಣಾಗಿದ್ದೆ ಎಂದು ನಾನೇ ಇಟ್ಟ ಹೆಸರು ಅದು, ಈಗ ನಾನೇ ಕಿತ್ತುಕೊಂಡರೆ ಚೆನ್ನಾಗಿರುವುದಿಲ್ಲ.

ಬ್ರೈಲ್‌ನಲ್ಲಿ ಬರೆದಿದ್ದೇನೆ. ನಿನ್ನ ಗಂಡನಿಗಾಗಲಿ ಮಕ್ಕಳಿಗಾಗಲಿ ಇದು ಬರೀ ಗುಳ್ಳೆ ಎದ್ದ ದಪ್ಪ ಕಾಗದ. ನೀನೇ ಕೂರಬೇಕು, ಬೆಳಕಿಗೆ ಹಿಡಿದು ಒಂದೊಂದೇ ಸಾಲು ಬಿಡಿಸಬೇಕು. ಮೇಲೆ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಡಲು ಬರುವುದಿಲ್ಲ. ಕ್ಷಮಿಸಿದೆ ಎಂದು ಎಲ್ಲಾದರೂ ಇದೆಯೇ ಎಂದು ಕೊನೆಯ ಹಾಳೆಗೆ ಹಾರಬೇಡ, ಇಲ್ಲ.

ನೀನು ನನಗೆ ಶಾಯಿಯಲ್ಲಿ ಬರೆದೆಯಲ್ಲ, ಮಹಾರಾಯಿತಿ! ಬ್ರೈಲ್ ಚುಕ್ಕಿ ಬಲ್ಲವಳು, ನಾನು ಓದಲಾರದ ಲಿಪಿಯಲ್ಲಿ ಬರೆದೆ. ಕೊನೆಗೆ ಪಾರ್ಸೆಲ್ ಕೋಣೆಯಲ್ಲಿ ರವಾನೆಯ ಗುಮಾಸ್ತರು ಅದನ್ನು ಓದಿ ಹೇಳಿದರು. ಅವರದು ಮೊದಲೇ ಊರಗಲದ ಬಾಯಿ. ನಮ್ಮ ಬ್ರೈಲ್ ಮುದ್ರಣಾಲಯದ ಅರ್ಧ ಜನ ಕೇಳಿಸಿಕೊಂಡರು. "ಅಕ್ಕಾ, ನಾನೀಗ ದಿನಾ ಬೆಳಗ್ಗೆ ಯೇಸಪ್ಪನ ಜೊತೆ ಕೂರ್ತೀನಿ. ಆತ ನನ್ನ ಎಲ್ಲಾ ತಪ್ಪನ್ನೂ ಕ್ಷಮಿಸಿದಾನೆ, ಮನಸ್ಸು ಹೂವಿನ ಹಾಗೆ ಹಗುರವಾಗಿದೆ. ನೀನೂ ಹಳೇದೆಲ್ಲ ಮರೆತುಬಿಡು." ಆಮೇಲೆ ಒಂದು ಸಣ್ಣ ವಿಷಯ. ಮುಂದಿನ ತಿಂಗಳು ನಿನ್ನನ್ನು ದೂರದ ಶಾಖೆಯಿಂದ ಇಲ್ಲಿಗೆ ಕರೆಸಿ ಕರಡು ತಿದ್ದುವ ವಿಭಾಗಕ್ಕೆ ಮುಖ್ಯಸ್ಥೆ ಮಾಡುತ್ತಾರೆ. ಹಳೆಯ ವಿಚಾರಣೆಯ ಕಡತದಲ್ಲಿ ನನ್ನ ಹೆಸರೂ ಇರುವುದರಿಂದ ಆಡಳಿತ ಮಂಡಳಿ ನನ್ನನ್ನು ಕೇಳುತ್ತದೆ. "ತಕರಾರಿಲ್ಲ ಅಂತ ಒಂದೇ ಒಂದು ಸಾಲು ಬರೆದುಬಿಡಕ್ಕ."

ಓದಿ ಮುಗಿಸಿ ಗುಮಾಸ್ತರು, "ಪರವಾಗಿಲ್ವೇ, ಒಳ್ಳೇ ಮನಸ್ಸಿನ ಹೆಂಗಸು!" ಎಂದರು. ನಾನು ಪಾರ್ಸೆಲ್ಲಿಗೆ ಹುರಿ ಬಿಗಿಯುತ್ತಿದ್ದೆ. ಎಷ್ಟು ಬಿಗಿದೆನೆಂದರೆ ಹುರಿ ಪಟ್ಟನೆ ಕಿತ್ತುಬಂತು. ಮೈಯೆಲ್ಲ ಉರಿದುಹೋಯಿತು ಕಣೇ. ಕರಡು ಓದುವ ಕೆಲಸ ಹೋದ ದಿನವೂ ಇಷ್ಟು ಉರಿದಿರಲಿಲ್ಲ. ನನಗೆ ಅನ್ಯಾಯ ಮಾಡಿದವಳನ್ನು, ನನ್ನನ್ನು ಒಂದು ಮಾತೂ ಕೇಳದೆ, ಆತ ಹೇಗೆ ಕ್ಷಮಿಸಿದ?

ಏಕೆಂದರೆ ನಿನಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಒಂಬತ್ತು ವರ್ಷದಿಂದ ನಾನೂ ದಿನಾ ಬೆಳಗ್ಗೆ ಆತನ ಜೊತೆ ಕೂರುತ್ತೇನೆ. ನಿನ್ನ ಮೇಲೆ ಚಾಡಿ ಹೇಳುವುದಕ್ಕೆ. ಅದಕ್ಕೆ ಮುಂಚೆ ನನ್ನ ಪ್ರಾರ್ಥನೆ ಎಂದರೆ ಬಾಯಿಪಾಠ. ಚಿಕ್ಕಂದಿನಲ್ಲಿ ಅಮ್ಮ ಕಲಿಸಿದ್ದನ್ನು ಒಪ್ಪಿಸಿ ಆಮೆನ್ ಎಂದು ಎದ್ದುಬಿಡುತ್ತಿದ್ದೆ. ಕ್ರಿಸ್ತನ ಹತ್ತಿರ ಮಾತಾಡಲು ನನಗೆ ವಿಷಯವೇ ಇರಲಿಲ್ಲ. ವಿಷಯ ಕೊಟ್ಟವಳು ನೀನು. ನಿನ್ನ ಬಗ್ಗೆ ಆತನ ಕಿವಿಯಲ್ಲಿ ನಾನು ಮಾತಾಡಿದಷ್ಟು ನಿನ್ನ ಹೆತ್ತ ತಾಯಿಯೂ ಮಾತಾಡಿರಲಾರಳು.

ಆ ಸಂಜೆಯನ್ನು ನೀನು ಮರೆತಿರಬಹುದು, ಹಗುರವಾಗಿದ್ದೀಯಲ್ಲ. ನಾನು ಹೇಳುತ್ತೇನೆ. ಕರಡು ಕೋಣೆ, ಉದ್ದನೆಯ ಮೇಜು, ಆಚೆ ನೀನು, ಈಚೆ ನಾನು. ನಾನು ಬ್ರೈಲ್ ಹಾಳೆಯ ಮೇಲೆ ಬೆರಳೋಡಿಸಿ ಗಟ್ಟಿಯಾಗಿ ಓದುವುದು. ನೀನು ಅಚ್ಚಾದ ಮೂಲಪ್ರತಿ ಹಿಡಿದು, ಸಾಲಿನ ಕೆಳಗೆ ಸ್ಕೇಲು ಇಟ್ಟುಕೊಂಡು, ಎಲ್ಲಿ ತಪ್ಪಿದೆ ಎಂದು ಹೇಳುವುದು. ಶಾಲೆಯ ಕೊನೆಯ ಪರೀಕ್ಷೆಗೆ ಇತಿಹಾಸದ ಪ್ರಶ್ನೆಪತ್ರಿಕೆ. ನಲವತ್ತೊಂದು ಅಂಧ ಮಕ್ಕಳಿಗೆ ಹೋಗಬೇಕಾದದ್ದು. ಅಚ್ಚಿನ ತಗಡೊಂದು ಕಪಾಟಿನಲ್ಲೇ ಉಳಿದು ಒಂದು ಪುಟ ಬಿಟ್ಟುಹೋಗಿತ್ತು. ಆ ಪುಟ ನಿನ್ನ ಕೈಯಲ್ಲಿದ್ದ ಮೂಲದಲ್ಲಿತ್ತು, ನನ್ನ ಬೆರಳ ಕೆಳಗೆ ಇರಲಿಲ್ಲ. ನಿನಗೆ ಐದೂವರೆಯ ಬಸ್ಸು ಹಿಡಿಯಬೇಕಿತ್ತು. ಸ್ಕೇಲು ಯಾವಾಗಲೋ ಮೇಜಿನ ಮೇಲೆ ಮಲಗಿತ್ತು, ನೀನು ಚೀಲಕ್ಕೆ ಡಬ್ಬಿ ತುಂಬುತ್ತಿದ್ದ ಸದ್ದು ನನಗೆ ಕೇಳುತ್ತಿತ್ತು. "ಸರಿಯಾಗಿದೆ, ಮುಂದೆ ಓದಕ್ಕ" ಎಂದೆ ನೀನು. ಓದಿದೆ. ಇಬ್ಬರೂ ಸಹಿ ಹಾಕಿದೆವು.

ನಾಲ್ಕು ಪ್ರಶ್ನೆ ಇಲ್ಲದ ಪತ್ರಿಕೆ ಬರೆದು ಹನ್ನೆರಡು ಮಕ್ಕಳು ಫೇಲಾದರು. ವಿಚಾರಣೆ ನಡೆಯಿತು. ಮೇಲ್ವಿಚಾರಕರ ಕೋಣೆಯಲ್ಲಿ ನೀನು ಬಾಯಿ ಬಿಟ್ಟೆ. "ಅಕ್ಕನ ಬೆರಳು ಈಚೆಗೆ ಮರಗಟ್ಟಿದೆ ಸರ್. ಓದ್ತಾ ಓದ್ತಾ ಸಾಲು ಬಿಟ್ಟುಬಿಡ್ತಾರೆ. ಪಾಪ, ಯಾರ ಹತ್ರಾನೂ ಹೇಳ್ಕೊಳ್ಳಲ್ಲ." ಸುಳ್ಳನ್ನಾದರೂ ಸಹಿಸಬಹುದಿತ್ತು. ಅದರ ಬಾಲಕ್ಕೆ ಆ 'ಪಾಪ' ಬೇರೆ! ಅಲ್ಲೇ ಒಂದು ಹಾಳೆ ಕೊಟ್ಟು ಓದಿ ಎಂದರು. ಸುತ್ತ ಮೂರು ಜನರ ಉಸಿರು. ಬೆವರಿದ ಬೆರಳು ಕಾಗದಕ್ಕೆ ಅಂಟುತ್ತದೆ, ಓಡುವುದಿಲ್ಲ, ಇದು ನಿನಗೂ ಗೊತ್ತಿತ್ತು. ಎರಡು ಸಾಲು ತಡವರಿಸಿದೆ. ನೀನು ನಿಟ್ಟುಸಿರು ಬಿಟ್ಟೆ. ಮಾರನೆಯ ದಿನದಿಂದ ನನ್ನ ಕೆಲಸ ಪಾರ್ಸೆಲ್ ಕೋಣೆಯಲ್ಲಿ, ಬೇರೆಯವರು ಓದಿ ತಿದ್ದಿದ ಪುಸ್ತಕಗಳಿಗೆ ಕಂದು ಕಾಗದ ಸುತ್ತುವುದು.

ಅಲ್ಲಿನ ಮೊದಲ ಬೆಳಗ್ಗೆ ಕೆಲಸದ ಗಂಟೆ ಹೊಡೆಯಲು ಇನ್ನೂ ಅರ್ಧ ತಾಸಿತ್ತು. ಸ್ಟೂಲಿನ ಮೇಲೆ ಕೂತು, "ಯೇಸಪ್ಪಾ, ಕೇಳಿಸ್ಕೋ" ಎಂದು ಶುರುಮಾಡಿದೆ. ನಿನ್ನ ಕಣ್ಣು ಹೋಗಲಿ ಎಂದು ಬೇಡಿದೆನೆಂದುಕೊಂಡೆಯಾ? ಛೆ, ಕಣ್ಣಿಲ್ಲದೆ ಚೆನ್ನಾಗಿಯೇ ಬದುಕಬಹುದು, ಅದೊಂದು ಶಿಕ್ಷೆಯೇ ಅಲ್ಲ. ನೀನು ನಿಜ ಹೇಳಿದಾಗಲೂ ಯಾರೂ ನಂಬದಿರಲಿ ಎಂದು ಬೇಡಿದೆ. ಅದು ದೊಡ್ಡ ಬೇಡಿಕೆ. ಸಣ್ಣವೂ ಇದ್ದವು. ಐದೂವರೆಯ ಬಸ್ಸು ದಿನಾ ನಿನ್ನ ಕಣ್ಣೆದುರೇ ಹೊರಟುಹೋಗಲಿ. ಹಾಲು ಉಕ್ಕಲಿ. ಹೊಸ ಚಪ್ಪಲಿ ಕಚ್ಚಲಿ. ಆತ ಕುರುಡರಿಗೆ ಕಣ್ಣು ಕೊಟ್ಟವನು. ನನಗೂ ಕೊಡು ಎಂದು ಒಂದು ದಿನವೂ ಕೇಳಲಿಲ್ಲ, ನಿನ್ನ ಚಪ್ಪಲಿಯ ವಿಷಯದಲ್ಲೇ ಅಷ್ಟು ಮುಳುಗಿದ್ದೆ.

ಹೀಗೆ ಎರಡು ವರ್ಷ. ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಏನಾಗುತ್ತಿತ್ತೆಂದರೆ, ಆ ಸಂಜೆಯ ಕಥೆ ಹೇಳುವಾಗ ಪ್ರತಿ ಸಲವೂ ಒಂದು ಜಾಗದಲ್ಲಿ ನನ್ನ ನಾಲಿಗೆ ತೊಡರುತ್ತಿತ್ತು. ಅಲ್ಲಿಗೆ ಬಂದಾಗ ಬೇಗ ಬೇಗ ಹೇಳಿ ದಾಟಿಬಿಡುತ್ತಿದ್ದೆ. ಆತ ಏನೂ ಅನ್ನುತ್ತಿರಲಿಲ್ಲ. ಬೈಯುವುದಿಲ್ಲ, ಕೆಮ್ಮುವುದೂ ಇಲ್ಲ. ಮೂಲಪ್ರತಿ ಹಿಡಿದು ಎದುರಿಗೆ ಕೂತವನ ಹಾಗೆ ಸುಮ್ಮನೆ ಕೇಳುತ್ತಿದ್ದ. ಕರಡು ಕೋಣೆಯಲ್ಲಿ ಕೆಲಸ ಮಾಡಿದವಳಿಗೆ ಆ ಮೌನ ಗೊತ್ತು. ಎದುರಿನವರು ಸರಿ ಎನ್ನದಿದ್ದರೆ, ನಾವು ಏನೋ ಬಿಟ್ಟು ಓದಿದ್ದೇವೆ ಎಂದೇ ಅರ್ಥ.

ಮೂರನೆಯ ವರ್ಷ ಒಂದು ಬೆಳಗ್ಗೆ ಆ ಜಾಗವನ್ನೂ ಬಿಡದೆ ಓದಿದೆ. ಆ ಸಂಜೆ ನನ್ನ ಬೆರಳಿಗೆ ಹದಿನಾಲ್ಕನೆಯ ಪ್ರಶ್ನೆಯಾದ ಮೇಲೆ ಹತ್ತೊಂಬತ್ತು ಸಿಕ್ಕಿತ್ತು. ನಾನು ನಿಲ್ಲಿಸಿದ್ದೆ. "ಏನೋ ಬಿಟ್ಟ ಹಾಗಿದೆಯಲ್ಲೇ?" ಎಂದು ಕೇಳಿಯೂ ಇದ್ದೆ. ನೀನು ಸಿಡುಕಿದೆ, ಸರಿಯಾಗಿದೆ ಎಂದೆ. ಸರಿಯಾಗಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮುಂದಕ್ಕೆ ಓದಿದೆ. ಏಕೆ ಗೊತ್ತೇ? ಆ ಇಡೀ ಕಟ್ಟಡದಲ್ಲಿ ನನ್ನನ್ನು ಬಾಯ್ತುಂಬ ಅಕ್ಕ ಎನ್ನುತ್ತಿದ್ದವಳು ನೀನೊಬ್ಬಳೇ. ನೀನು ಮುನಿಸಿಕೊಂಡರೆ ನಾಳೆ ಟೀ ಕುಡಿಯಲು ಯಾರು ಜೊತೆ ಎಂದು ಹೆದರಿದೆ. ಇಷ್ಟೇ ಕಾರಣ. ವಿಚಾರಣೆಯಲ್ಲಿ ಈ ಮಾತನ್ನು ನಾನೂ ನುಂಗಿಕೊಂಡೆ.

ಆತನ ಮೇಲೆ ಎಷ್ಟು ಸಿಟ್ಟು ಬಂತು ಅಂತೀಯ! ದೂರು ಕೊಡಲು ಹೋದವಳನ್ನೇ ಕಟಕಟೆಗೆ ಹತ್ತಿಸಿದರೆ ಯಾರಿಗೆ ತಾನೇ ಬರುವುದಿಲ್ಲ? ಎರಡು ವಾರ ಮಾತು ಬಿಟ್ಟೆ. ಬೇಕೆಂದೇ ಗಂಟೆ ಹೊಡೆದ ಮೇಲೆ ಬರತೊಡಗಿದೆ. ಆದರೆ ಬಂದು ಸ್ಟೂಲಿನ ಮೇಲೆ ಕೂತರೆ ಎದೆಯೆಲ್ಲ ಬಣಬಣ. ಹದಿನೈದನೆಯ ದಿನ ಬೇಗ ಬಂದು, "ಸರಿ, ನಾನೂ ತಪ್ಪು ಮಾಡಿದೆ, ಈಗೇನು?" ಎಂದೆ. ಜಗಳವಾಡಿಕೊಂಡೇ ಆತ ನನಗೆ ಹತ್ತಿರದವನಾದದ್ದು. ಅಂದಿನಿಂದ ನಿನ್ನ ವಿಷಯವಲ್ಲದೆ ಬೇರೆಯದನ್ನೂ ಮಾತಾಡತೊಡಗಿದೆವು. ಹುರಿ ಕುಯ್ದ ಬೆರಳು, ಗುಮಾಸ್ತರ ಸೊಂಟನೋವು, ಅಮ್ಮ ತೀರಿಕೊಂಡದ್ದು. ದಿನಕ್ಕೆ ಒಂದೇ ಒಂದು ಕೆಲಸ ಹೇಳುತ್ತಿದ್ದ, ಒಂದಕ್ಕಿಂತ ಹೆಚ್ಚಲ್ಲ. ಅದನ್ನು ಮಾಡುವ ತನಕ ಮಾರನೆಯ ದಿನದ ಮಾತು ಮುಂದೆ ಹೋಗುತ್ತಿರಲಿಲ್ಲ.

ಅಂಥದೊಂದು ಕೆಲಸವೇ ಆ ಹನ್ನೆರಡು ಮಕ್ಕಳಿಗೆ ಪತ್ರ ಬರೆಯುವುದು. ಒಂದು ತಿಂಗಳು ತಪ್ಪಿಸಿಕೊಂಡು ತಿರುಗಿದೆ, ಆತ ಬಿಡಲಿಲ್ಲ. ಬರೆದೆ. ನನ್ನ ತಪ್ಪನ್ನು ಮಾತ್ರ ಬರೆದೆ, ನಿನ್ನ ಹೆಸರೆತ್ತಲಿಲ್ಲ. ಎತ್ತಬೇಕೆಂದು ನಾಲ್ಕು ಕರಡು ಹರಿದಿದ್ದೇನೆ ಎಂಬುದೂ ಸತ್ಯ. ಉತ್ತರ ಬಂದದ್ದು ಒಬ್ಬಳಿಂದ. ಟೀಚರ್ ಆಗಬೇಕಿದ್ದ ಹುಡುಗಿ, ಈಗ ಟೆಲಿಫೋನ್ ಎತ್ತುವ ಕೆಲಸದಲ್ಲಿದ್ದಾಳೆ. ಮೂರು ಹಾಳೆ ತುಂಬ ನನ್ನನ್ನು ಉಗಿದಿದ್ದಳು. ಕೊನೆಯಲ್ಲಿ, "ಎದುರಿಗೆ ಕೂತಿದ್ದವರು ಯಾರು? ಅವರ್ಯಾಕೆ ಬರೆದಿಲ್ಲ?" ಎಂದು ಕೇಳಿದ್ದಳು.

ಈಗ ಹೇಳು, ನಿನ್ನ ಪತ್ರ ಕೇಳಿ ನನಗೆ ಹೇಗಾಗಿರಬೇಡ? ಮಾರನೆಯ ಬೆಳಗ್ಗೆ ಆತನನ್ನು ತರಾಟೆಗೆ ತೆಗೆದುಕೊಂಡೆ. "ನನ್ನನ್ನು ಒಂಬತ್ತು ವರ್ಷ ಅರೆದು ಅರೆದು, ಅವಳಿಗೆ ಒಂದೇ ಬೆಳಗ್ಗೆ ಕ್ಷಮೆನಾ? ಇದ್ಯಾವ ನ್ಯಾಯ?" ಎಂದು ಕೇಳಿದೆ. ಅಷ್ಟರಲ್ಲೇ ಬಂದಿದ್ದ ಮಂಡಳಿಯ ಪತ್ರ ನನ್ನ ಮಡಿಲಲ್ಲೇ ಇತ್ತು, ಸೋಮವಾರದೊಳಗೆ ಉತ್ತರ ಬೇಕು. ಒಂದೇ ಒಂದು ಸಾಲು ಸಾಕು ನಿನ್ನನ್ನು ಮುಗಿಸಲು. ಮೂಲಪ್ರತಿ ಇವಳ ಕೈಯಲ್ಲಿತ್ತು, ನೋಡಲಿಲ್ಲ, ಸುಳ್ಳು ಹೇಳಿದಳು. ಆ ಸಾಲನ್ನು ಮೂರು ದಿನ ಬಾಯಲ್ಲಿಟ್ಟುಕೊಂಡು ಚಪ್ಪರಿಸಿದೆ. ಸೇಡು ಅಷ್ಟು ರುಚಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾಲ್ಕನೆಯ ಬೆಳಗ್ಗೆ, ಆ ಸಾಲನ್ನೇ ಇನ್ನೊಮ್ಮೆ ಆತನಿಗೆ ಓದಿ ಹೇಳುತ್ತಿದ್ದಾಗ, ನನಗೆ ಇದ್ದಕ್ಕಿದ್ದಂತೆ ನಗು ಬಂತು. ಗುಮಾಸ್ತರು ಗಾಬರಿಯಾಗಿ ನೀರು ತಂದರು. ಅಯ್ಯೋ ಪೆದ್ದಿ, ನೀನು ಬೇರೆ ಯಾರ ಮನೆಗಾದರೂ ಹೋಗಿ ಬಚ್ಚಿಟ್ಟುಕೊಳ್ಳಬಹುದಿತ್ತು! ದಿನಾ ಬೆಳಗ್ಗೆ ಆತನ ಜೊತೆ ಕೂರುತ್ತಿದ್ದೀಯಂತೆ. ಎಷ್ಟು ದಿನವಾಯಿತು, ಎರಡು ತಿಂಗಳು? ಹೊಸದರಲ್ಲಿ ಎಲ್ಲರಿಗೂ ಹಗುರವಾಗಿಯೇ ಇರುತ್ತದೆ. ಆತ ಕ್ಷಮಿಸುತ್ತಾನೆ, ಅದು ನಿಜ, ನನ್ನನ್ನೂ ಕ್ಷಮಿಸಿದ್ದಾನೆ. ಕ್ಷಮಿಸಿದ ಮೇಲೆ ಎದ್ದು ಹೋಗುವುದಿಲ್ಲ, ಅಲ್ಲೇ ಕೂತಿರುತ್ತಾನೆ. ಅದು ನಿನಗಿನ್ನೂ ತಿಳಿದಿಲ್ಲ.

ಮಂಡಳಿಗೆ ಬರೆದು ಇವತ್ತು ಬೆಳಗ್ಗೆ ಅಂಚೆ ಪೆಟ್ಟಿಗೆಗೆ ಹಾಕಿದೆ. ತಕರಾರಿಲ್ಲ ಎಂದು ಬರೆದಿಲ್ಲ. ಸಂಖ್ಯೆ ಹಾರಿದ್ದು ಗೊತ್ತಾಗಿಯೂ ನಾನು ಸುಮ್ಮನಿದ್ದೆ ಎಂದು ಬರೆದೆ. ನನ್ನ ಬೆರಳು ಅಂದೂ ಮರಗಟ್ಟಿರಲಿಲ್ಲ, ಇಂದೂ ಇಲ್ಲ, ಬೇಕಾದರೆ ಪರೀಕ್ಷೆ ಮಾಡಿ, ಈ ಸಲ ಬೆವರುವುದಿಲ್ಲ ಎಂದು ಬರೆದೆ. ಮೂಲಪ್ರತಿ ಹಿಡಿದವರು ಏನು ನೋಡಿದರು, ಏನು ನೋಡಲಿಲ್ಲ ಎಂಬುದನ್ನು ಅವರೇ ಹೇಳಲಿ ಎಂದು ಮುಗಿಸಿದೆ. ನೀನು ಸುಳ್ಳು ಹೇಳಿದೆ ಎಂದು ಮಾತ್ರ ನಾನು ಬರೆದಿಲ್ಲ. ಅವರು ನಿನ್ನನ್ನು ಕರೆದು ಕೇಳುತ್ತಾರೆ. ಆಗ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಮತ್ತೆ ಸುಳ್ಳು ಹೇಳಿದರೂ ಕುರ್ಚಿ ಸಿಕ್ಕೀತು, ನಿನ್ನ ನಾಲಿಗೆ ಅಷ್ಟು ಚುರುಕು.

ಆದರೆ ಮಾರನೆಯ ಬೆಳಗ್ಗೆ ಎದ್ದು ಆತನೆದುರು ಕೂರಬೇಕಲ್ಲ. ಕೂತು ಆ ಸಂಜೆಯ ಕಥೆ ಹೇಳು. ಒಂದು ಜಾಗ ಬಿಟ್ಟು ಹೇಳಿ ನೋಡು. ಬೈಯುವುದಿಲ್ಲ, ಹೆದರಬೇಡ. ಸುಮ್ಮನೆ ಕಾಯುತ್ತಾನೆ. ಅದರ ಮಾರನೆಯ ದಿನವೂ ಕಾಯುತ್ತಾನೆ. ಓಡಿಹೋದರೆ ನಿನಗೇ ಬಣಬಣ ಎನ್ನಿಸಿ ವಾಪಸ್ಸು ಬರುತ್ತೀಯ. ನಿನಗೆ ಇದಕ್ಕಿಂತ ದೊಡ್ಡ ಶಿಕ್ಷೆಗಾಗಿ ಒಂಬತ್ತು ವರ್ಷ ತಡಕಾಡಿದೆ, ಸಿಗಲಿಲ್ಲ. ನನಗೆ ಇದಕ್ಕಿಂತ ದೊಡ್ಡ ಒಳ್ಳೆಯದೂ ಆಗಿಲ್ಲ ಎಂಬುದು ಬೇರೆ ಮಾತು, ಅದನ್ನು ನಿನಗೆ ಈಗಲೇ ಹೇಳುವಷ್ಟು ಒಳ್ಳೆಯವಳು ನಾನಲ್ಲ.

ಆತ ನಿನ್ನ ಜೊತೆಗಿರಲಿ ಕಣ್ಣಮ್ಮ. ಬೆಳಗ್ಗೆಯೂ ಇರಲಿ, ಬಸ್ಸಿನಲ್ಲೂ ಇರಲಿ, ಮಂಡಳಿಯ ಬಾಗಿಲಲ್ಲೂ ಇರಲಿ. ನಿನ್ನನ್ನು ಬಿಟ್ಟು ಒಂದು ದಿನವೂ, ಒಂದೇ ಒಂದು ದಿನವೂ ಹೋಗದಿರಲಿ.

ಇಂತಿ,
ಇನ್ನೂ ಸಿಟ್ಟಿನಲ್ಲಿರುವ ನಿನ್ನ ಅಕ್ಕ