ಎಡಕ್ಕೆ ಎಳೆಯುವ ಲಾರಿ

ಭಾನುವಾರ, ಮಾರ್ಚ್ ೧೧

ಪ್ರೀತಿಯ ಅಣ್ಣಾ,

ನಿನ್ನ ಕಾಗದ ಬಂದು ಏಳು ತಿಂಗಳಾಯಿತು. ಉತ್ತರ ಬರೆಯಲು ಪುರಸೊತ್ತಿರಲಿಲ್ಲ ಎಂದರೆ ಸುಳ್ಳು. ಪೆನ್ನು ಹಿಡಿದರೆ ಕೈ ಮರದ ಕೊರಡಾಗುತ್ತಿತ್ತು, ಅಷ್ಟೇ. ಅತ್ತಿಗೆಯ ಮಂಡಿನೋವು ಹೇಗಿದೆ? ಆ ಗೋದಾಮಿನ ಗೇಟಿನಲ್ಲಿ ನಿನಗೆ ಕೂರಲು ಒಂದು ಕುರ್ಚಿಯನ್ನಾದರೂ ಕೊಟ್ಟರೇ? ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದವನನ್ನು ಬಾಗಿಲು ಕಾಯಲು ನಿಲ್ಲಿಸಿದ್ದಾರೆ. ನಾವು ಒಂದೇ ತಾಯ ಮಕ್ಕಳಲ್ಲ. ಆದರೆ ನನಗೆ ಗೇರು ಹಾಕಲು ಕಲಿಸಿದವನು ನೀನು, ಬೈದು ಬುದ್ಧಿ ಹೇಳಿದವನೂ ನೀನೇ.

ಇಲ್ಲಿ ಎಲ್ಲರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ.

ಧಣಿ ಹಳೇ ಲಾರಿಗಳನ್ನು ಮಾರುತ್ತಿದ್ದಾನೆ. ಡ್ರೈವರುಗಳೇ ಕೊಂಡು, ಡ್ರೈವರುಗಳೇ ರಿಪೇರಿ ಮಾಡಿಸಿಕೊಂಡು, ಅವನ ಸರಕನ್ನೇ ಹೊರಬೇಕಂತೆ. ಕೆಟ್ಟರೆ ಗಾಡಿ ನಮ್ಮದು, ಓಡಿದರೆ ಲಾಭ ಅವನದು. ಇದಕ್ಕೆ ‘ನಿಮ್ಮನ್ನೇ ಮಾಲೀಕರನ್ನಾಗಿ ಮಾಡುತ್ತೇನೆ’ ಎಂದು ಬಣ್ಣ ಬಳಿದಿದ್ದಾನೆ. ನನ್ನ ಪಾಲಿಗೆ ತೋರಿಸಿರುವುದು ನೀಲಿ ಲಾರಿ. ಹೌದು, ಅದೇ. ಮೂರು ವರ್ಷದ ಹಿಂದೆ ನೀನು ಬ್ರೇಕ್ ಒತ್ತಿದಾಗ ಎಡಕ್ಕೆ ನುಗ್ಗಿ, ಗೋಡೆ ಪಕ್ಕ ನಿಂತಿದ್ದ ಹಮಾಲನ ಜೀವ ತೆಗೆದ ಲಾರಿ. ‘ಗಾಡಿಯಲ್ಲಿ ದೋಷವಿಲ್ಲ, ಚಾಲಕನ ಅಜಾಗರೂಕತೆ’ ಎಂದು ವಿಚಾರಣೆಯಲ್ಲಿ ಬರೆದರು. ನಿನ್ನ ಲೈಸೆನ್ಸು ಹೋಯಿತು.

ಮೆಕ್ಯಾನಿಕ್ ಗ್ರೀಸಜ್ಜನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವನು ಲಾರಿಯ ಕೆಳಗೆ ತೂರಿ, ಹೊರಬಂದು, ಕೈ ಒರೆಸುತ್ತಾ, “ಇಂಜಿನ್ನು ಮುದುಕ, ಗೇರ್‌ಬಾಕ್ಸು ಕಿವುಡ. ಬ್ರೇಕಂತೂ, ಒತ್ತೋಕಿಂತ ಎದುರಿಗೆ ಬರೋರಿಗೆ ಕೈ ಮುಗಿಯೋದು ವಾಸಿ. ಎಡಗಡೆ ಚಕ್ರ ಮೊದಲು ಕಚ್ಚಿಕೊಳ್ಳುತ್ತೆ ಕಣಯ್ಯ. ಇದು ನಿನ್ನೆ ಮೊನ್ನೆ ಕಾಯಿಲೆ ಅಲ್ಲ,” ಎಂದ.

ನನ್ನವಳು, “ಆ ಯಮನ ಕೋಣಾನ ಮನೆ ಮುಂದೆ ತಂದು ಕಟ್ತೀಯಾ? ಕಟ್ಟಿದ್ರೆ ಮೇವೂ ನೀನೇ ಹಾಕು, ಸಗಣೀನೂ ನೀನೇ ಬಾಚು,” ಎಂದವಳು ಎರಡು ದಿನದಿಂದ ಮಾತಾಡಿಲ್ಲ. ನನಗೇನೂ ಅನಿಸಲಿಲ್ಲ. ಈಚೆಗೆ ಏನೂ ಅನಿಸುವುದಿಲ್ಲ.

ಬೇಡವೆಂದು ಹೇಳಲೆಂದೇ ನಿನ್ನೆ ಆಫೀಸಿಗೆ ಹೋಗಿದ್ದೆ. ಗುಮಾಸ್ತ ಕ್ರಯದ ಕಾಗದ ಮುಂದಿಟ್ಟ. ಹೋದ ತಿಂಗಳು ಲಾರಿ ಕೊಂಡವನೊಬ್ಬ ವಾಪಸ್ ಬಂದು ಧಣಿಯ ಕೊರಳಪಟ್ಟಿ ಹಿಡಿದನಂತೆ. ಅಂದಿನಿಂದ ಗಾಡಿಯಲ್ಲಿರುವ ಕೇಡನ್ನೆಲ್ಲ ಬರೆದು, ‘ತಿಳಿದೇ ಕೊಂಡಿದ್ದೇನೆ’ ಎಂದು ಸಹಿ ಹಾಕಿಸಿಕೊಳ್ಳುತ್ತಾರೆ. “ಮುಚ್ಚಿಟ್ಟು ಮಾರೋ ಪೈಕಿ ಅಲ್ಲಪ್ಪ ನಾವು. ಗ್ಯಾರೇಜಿನ ಪುಸ್ತಕದಲ್ಲಿ ಇದ್ದದ್ದನ್ನ ಇದ್ದ ಹಾಗೇ ಇಳಿಸಿದ್ದೀನಿ, ಓದ್ಕೋ,” ಎಂದ.

ಓದಿದೆ. ನಾಲ್ಕನೇ ಸಾಲು: ‘ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಐದು ವರ್ಷದಿಂದ.’ ಕೆಳಗೆ ಧಣಿಯ ಸಹಿ, ಮೊಹರು.

ಐದು ವರ್ಷ, ಅಣ್ಣಾ. ಹಮಾಲ ಸತ್ತು ಮೂರು. ಕೊಳ್ಳುವವನಿಗೊಂದು ಸತ್ಯ, ದುಡಿಯುವವನಿಗೊಂದು ಸತ್ಯ. ತಮ್ಮ ಕೊರಳಪಟ್ಟಿ ಉಳಿಸಿಕೊಳ್ಳಲು ನಿಜ ಬರೆದರು; ನಿನ್ನ ಅನ್ನ ಉಳಿಸಲು ಒಂದಕ್ಷರ ಬರೆಯಲಿಲ್ಲ.

“ಇದರದೊಂದು ಪ್ರತಿ ಕೊಡಿ, ಮನೇಲಿ ತೋರಿಸ್ತೀನಿ,” ಎಂದೆ.

“ಕೊಂಡರೆ ನಿಂದು, ಇಲ್ಲದಿದ್ರೆ ಹರಿದು ಬುಟ್ಟಿಗೆ. ಮದುವೆಗೆ ಮುಂಚೆ ತೊಟ್ಟಿಲು ಕೇಳ್ತೀಯಲ್ಲೋ,” ಎಂದು ಗುಮಾಸ್ತ ನಕ್ಕ. ನನ್ನ ಮುಖವೂ ತಾನಾಗಿ ನಕ್ಕಿತು.

ನಾಳೆ ಬೆಳಿಗ್ಗೆ ಸಹಿ ಹಾಕುತ್ತೇನೆ. ಲಾರಿಯನ್ನು ಎಳೆಸಿ ತಂದು ನಿಲ್ಲಿಸುತ್ತೇನೆ, ರಸ್ತೆಗೆ ಇಳಿಸುವುದಿಲ್ಲ. ಒಂದು ನಟ್ಟನ್ನೂ ಯಾರೂ ಮುಟ್ಟಕೂಡದು. ಇದ್ದದ್ದು ಇದ್ದ ಹಾಗೇ ಇರಲಿ, ಬಂದು ನೋಡುವವರು ನೋಡಲಿ. ಕಾಗದದ ಪ್ರತಿಯನ್ನು ನಾಳೆಯೇ ನಿನಗೆ ಅಂಚೆಗೆ ಹಾಕುತ್ತೇನೆ. ವಿಚಾರಣೆಯನ್ನು ಮತ್ತೆ ತೆರೆಯಿರಿ ಎಂದು ಕೇಳು. ಅಂಗಲಾಚಬೇಡ, ಹಕ್ಕಿನಿಂದ ಕೇಳು. ‘ಬ್ರೇಕ್ ಒತ್ತಲು ನನ್ನ ಕಾಲೇ ತಡಮಾಡಿತೇನೋ’ ಎಂದು ಹೋದ ಕಾಗದದಲ್ಲಿ ಬರೆದಿದ್ದೆಯಲ್ಲ, ಆ ಮಾತನ್ನು ಇನ್ನು ಯಾರ ಮುಂದೆಯೂ ಆಡಬೇಡ.

ಅತ್ತಿಗೆಗೆ ನಮಸ್ಕಾರ. ಮಗಳಿಗೆ ಆಶೀರ್ವಾದ. ನಿಮ್ಮ ಮನೆಯಲ್ಲಿ ಮೂವರೂ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡುವ ದಿನ ಬೇಗ ಬರಲಿ.

ನಿನ್ನ ಪಕ್ಕದ ಸೀಟಿನ ತಮ್ಮ

ತಾ.ಕ.: ವಿಚಾರಣೆಯ ದಿನ ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ಯಾರು ಏನೆಂದರು ಎಂಬುದು ಇವತ್ತಿಗೂ ನಿನಗೆ ಗೊತ್ತಿಲ್ಲ. ಹಮಾಲ ಸಾಯುವ ಹಿಂದಿನ ವಾರ ಆ ಲಾರಿ ಓಡಿಸಿದವನು ನಾನು. ಎರಡು ಸಲ ಅದು ನನ್ನನ್ನು ಚರಂಡಿಗೆ ಇಳಿಸುವುದರಲ್ಲಿತ್ತು. “ಎಡಕ್ಕೆ ಎಳೀತಿತ್ತೇನಯ್ಯ?” ಎಂದು ಕೇಳಿದರು. ಧಣಿ ಎದುರಿಗೇ ಕೂತಿದ್ದ. “ಇಲ್ಲ ಸ್ವಾಮಿ, ನೆಟ್ಟಗೇ ಹೋಗ್ತಿತ್ತು,” ಎಂದೆ. ಯಾರೂ ನನ್ನನ್ನು ಹೆದರಿಸಿರಲಿಲ್ಲ. ಆ ಮಾತಿನ ಕೆಳಗೆ ನನ್ನ ಸಹಿ ಇದೆ. ನಾಳೆಯ ಕಾಗದದ ಮೇಲೂ ಅದೇ ಸಹಿ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದು. ಆಮೇಲೆ ನನ್ನನ್ನು ತಮ್ಮ ಎನ್ನಬೇಕೋ ಬೇಡವೋ ನೀನೇ ಹೇಳು.