ಸಿಂಚು ಎತ್ತಿದ ಚೀಟಿಗಳು

ಗೋವಿಂದರಾಜನಗರ, ಬೆಂಗಳೂರು
ಭಾನುವಾರ, 22 ಜೂನ್ 2025

ಪ್ರೀತಿಯ ಕವನಾ,

ಹೇಗಿದೀಯಾ? ನಿನ್ನ ಸೊಂಟನೋವು ಹೇಗಿದೆ? ವಾರ್ಡಲ್ಲಿ ಪೇಶೆಂಟ್‌ಗಳನ್ನ ಒಬ್ಬಳೇ ಎತ್ತಬೇಡ ಅಂತ ಎಷ್ಟು ಸಲ ಹೇಳಿದೀನಿ, ನೀನೆಲ್ಲಿ ಕೇಳ್ತೀಯ. ಮಸ್ಕತ್ತಲ್ಲಿ ಈಗ ಆಚೆ ಕಾಲಿಡೋಕೂ ಆಗದಷ್ಟು ಬಿಸಿಲಂತೆ, ಅನಂತಲಕ್ಷ್ಮಿ ಸಿಸ್ಟರ್ ಹೇಳಿದ್ರು. ರಜಕ್ಕೆ ಬಂದಿದ್ದ ಅವರು ನಾಳೆನೇ ವಾಪಸ್ ಹೊರಡ್ತಾರೆ. ಬೆಳಗ್ಗೆ ಅವರ ತಮ್ಮ ನಮ್ಮ ವರ್ಕ್‌ಶಾಪಿಗೇ ಬಂದು ನಿನಗೆ ಕಳಿಸೋ ಗಂಟು ಇಸ್ಕೊಂಡು ಹೋಗ್ತಾನೆ. ಚಟ್ನಿಪುಡಿ, ಹುರಿದ ಅವರೇಬೇಳೆ, ನೀನು ಕೇಳಿದ್ದ ನೋವಿನ ಎಣ್ಣೆ ಎಲ್ಲಾ ಕಟ್ಟಿದೀನಿ. ಚಟ್ನಿಪುಡಿ ನಾನೇ ಮಾಡಿದ್ದು, ಉಪ್ಪು ಒಂದು ಕೈ ಜಾಸ್ತಿ ಆಗಿದೆ, ಬೈಕೋಬೇಡ. ಅದರ ಜೊತೇಲೇ ಈ ಕಾಗದ.

ದಿನಾ ಫೋನಲ್ಲಿ ಮಾತಾಡೋನು ಕಾಗದ ಯಾಕೆ ಬರೀತಾನೆ ಅಂತ ನಿನಗೆ ಅನ್ಸುತ್ತೆ. ಫೋನ್ ಬಂದ್ರೆ ಸಿಂಚು ನನ್ನ ತೊಡೆ ಮೇಲೆ ಹತ್ತಿ ಕೂತ್ಕೋತಾಳೆ. ಅವಳ ಕಿವಿ ತಪ್ಪಿಸಿ ಒಂದು ಮಾತು ಆಡೋಕಾಗಲ್ಲ. ಅವಳು ಮಲಗೋ ಹೊತ್ತಿಗೆ ನಿನ್ನ ಡ್ಯೂಟಿ. ಈಗ ಊಟ ಮಾಡಿ ಮಲಗಿದಾಳೆ, ಅದಕ್ಕೇ ಬರೀತಾ ಇದೀನಿ. ಮೊದಲೇ ಹೇಳ್ಬಿಡ್ತೀನಿ, ಅವಳು ಚೆನ್ನಾಗಿದಾಳೆ. ಮೈಗೆ ಒಂದು ಗೀರೂ ಆಗಿಲ್ಲ. ಇದನ್ನ ನೆನಪಲ್ಲಿ ಇಟ್ಕೊಂಡು ಮುಂದಕ್ಕೆ ಓದು.

ಕವನಾ, ಸಿಂಚುಗೆ ಸರ್ಕಾರಿ ಸ್ಕೂಲಿನ ಎಲ್‌ಕೆಜಿ ಸೀಟು ಸಿಗಲಿಲ್ಲ.

'ಅಮ್ಮಾ, ನಾನು ಗೆದ್ದೆ' ಅಂತ ಸೀಟಿನ ಲಾಟರಿ ದಿನ ಅವಳು ಫೋನಲ್ಲಿ ಕೂಗಿದ್ಲಲ್ಲ, ನೀನು ಅದನ್ನೇ ನಂಬಿದೆ. ಸಂಜೆ ತಿಳಿಸಿ ಹೇಳೋಣ ಅಂದ್ಕೊಂಡೆ. ಸಂಜೆ ನೀನೇ ಫೋನ್ ಮಾಡಿ ವಾರ್ಡಲ್ಲಿ ಎಲ್ಲರಿಗೂ ಸ್ವೀಟ್ ಹಂಚಿದೆ ಅಂದೆ. 'ಹ್ಞೂಂ' ಅಂದು ಫೋನ್ ಸಿಂಚು ಕೈಗೆ ಕೊಟ್ಟೆ. ಆಮೇಲೆ ದಿನಾ ಹೇಳೋಣ ಅನ್ಕೋತಿದ್ದೆ, ದಿನಾ ನೀನು ಅವಳ ಬ್ಯಾಗು, ಟಿಫನ್ ಬಾಕ್ಸು ಅಂತ ಕೇಳ್ತಿದ್ದೆ.

ನಡೆದಿದ್ದು ಹೀಗೆ. ಆವತ್ತು ಸ್ಕೂಲಿನ ಹಾಲ್ ತುಂಬ ಅಪ್ಪ ಅಮ್ಮಂದಿರು. ಸೀಟಿಗಿಂತ ಅರ್ಜಿ ಎಷ್ಟೋ ಪಟ್ಟು ಜಾಸ್ತಿ ಬಂದಿದಾವೆ, ಎಲ್ಲರೆದುರಿಗೇ ಲಾಟರಿ ಎತ್ತುತೀವಿ ಅಂತ ಹೆಚ್ಚೆಮ್ ಮೇಡಂ ಹೇಳಿದ್ರು. ಮೇಜಿನ ಮೇಲೆ ಒಂದು ಸ್ಟೀಲ್ ಬಿಂದಿಗೆ, ಅದರೊಳಗೆ ಮಡಿಸಿದ ಚೀಟಿಗಳು. ಆಮೇಲೆ ಮೇಡಂ, 'ಯಾರಿಗೂ ಅನುಮಾನ ಬೇಡ, ಒಂದು ಮಗುನೇ ಎತ್ಲಿ' ಅಂದು ಮುಂದಿನ ಸಾಲು ನೋಡಿದ್ರು. ನಿನ್ನ ಮಗಳು ನೀನು ಕಳಿಸಿದ ಹಳದಿ ಫ್ರಾಕ್ ಹಾಕ್ಕೊಂಡು ಅಲ್ಲೇ ನಿಂತಿದ್ಲು. ಕರೆಯೋಕೆ ಮುಂಚೆನೇ ಹೊರಟುಬಿಟ್ಲು. ಅವಳನ್ನ ಕುರ್ಚಿ ಮೇಲೆ ನಿಲ್ಲಿಸಿದ್ರು. ನನಗೆ ಎಷ್ಟು ಖುಷಿ ಆಯ್ತು ಗೊತ್ತಾ? ಇದು ಶುಭಶಕುನ ಅನ್ಕೊಂಡೆ.

ಒಂದೊಂದು ಚೀಟಿ ಎತ್ತಿದಾಗಲೂ ಮೇಡಂ ಹೆಸರು ಓದಿ ಬೋರ್ಡ್ ಮೇಲೆ ಬರೆಯೋರು, ಆ ಮಗುವಿನ ಅಪ್ಪ ಅಮ್ಮ ಚಪ್ಪಾಳೆ ಹೊಡೆಯೋರು, ಇವಳೂ ಚಪ್ಪಾಳೆ ಹೊಡೆದು ಮತ್ತೆ ಬಿಂದಿಗೆಗೆ ಕೈ ಹಾಕೋಳು. ಪಕ್ಕದ ಮನೆ ಮುನಿಲಕ್ಷ್ಮಮ್ಮನವರ ಮೊಮ್ಮಗ ಕಿಟ್ಟಿ ಹೆಸರೂ ಇವಳ ಕೈಯಲ್ಲೇ ಬಂತು. ಪಾಪ, ಆ ಯಮ್ಮ ಅತ್ತೇಬಿಟ್ರು. ಬೋರ್ಡಲ್ಲಿ ಜಾಗ ಕಮ್ಮಿ ಆಗ್ತಾ ಆಗ್ತಾ ನಾನು ಇನ್ನೆಷ್ಟು ಸಾಲು ಉಳಿದಿದೆ ಅಂತ ಎಣಿಸೋಕೆ ಶುರುಮಾಡಿದೆ. ಒಂದು ಸಲ ಅವಳು ಒಂದು ಚೀಟಿ ಹಿಡಿದು, ಅದನ್ನ ಬಿಟ್ಟು, ಬೇರೆದು ಎತ್ತಿದ್ಲು. ಅದೇ ಇವಳದಾಗಿತ್ತೇನೋ ಅಂತ ಈಗಲೂ ಅನ್ಸುತ್ತೆ. ಕೊನೇ ಹೆಸರು ಬರೆದು ಮೇಡಂ ಚಾಕ್‌ಪೀಸ್ ಕೆಳಗಿಟ್ರು. ಇವಳ ಕೆನ್ನೆ ತಟ್ಟಿ ಒಂದು ಚಾಕ್ಲೇಟ್ ಕೊಟ್ಟು 'ಜಾಣೆ' ಅಂದ್ರು. ಎಲ್ಲರೂ ಇನ್ನೊಂದು ಸಲ ಚಪ್ಪಾಳೆ ಹೊಡೆದ್ರು. ಇವಳು ಓಡಿಬಂದು ನನ್ನ ಕಾಲು ತಬ್ಬಿಕೊಂಡು 'ಅಪ್ಪಾ, ನಾನು ಗೆದ್ದೆ' ಅಂದ್ಲು. ನಾನು 'ಹೌದು ಪುಟ್ಟಿ' ಅಂದೆ. ಇನ್ನೇನು ಹೇಳ್ಲಿ ಹೇಳು?

ಆ ಸೀಟು ನಂಬಿಕೊಂಡೇ ಅಲ್ವಾ ನಾವು ನಿನ್ನನ್ನ ಕಳಿಸಿದ್ದು? ಮುನಿಲಕ್ಷ್ಮಮ್ಮನವರು ಅಡುಗೆ ಕೆಲಸ ಮುಗಿಸ್ಕೊಂಡು ಬರ್ತಾ ಇಬ್ಬರು ಮಕ್ಕಳನ್ನೂ ಸ್ಕೂಲಿಂದ ಕರ್ಕೊಂಡ್ ಬರೋದು ಅಂತ ಮಾತಾಗಿತ್ತು. ಅಂಗನವಾಡಿ ಬೇಗ ಬಿಡತ್ತೆ, ಅಷ್ಟೊತ್ತಿಗೆ ಅವರಿನ್ನೂ ಯಾರದೋ ಮನೇಲಿ ಒಗ್ಗರಣೆ ಹಾಕ್ತಿರ್ತಾರೆ. ಬ್ಯಾಡರಹಳ್ಳಿಲಿ ನಮ್ಮ ದೊಡ್ಡಣ್ಣನ ಮನೇಲಿ ಬಿಡೋಣ ಅಂದ್ರೆ, ಅಲ್ಲಿ ಅವ್ವ ಹಾಸಿಗೆ ಹಿಡಿದಿದಾಳೆ, ಅತ್ತಿಗೆಗೆ ಅವಳನ್ನ ನೋಡ್ಕೊಳ್ಳೋದೇ ಸಾಕಾಗಿದೆ. ನಿನ್ನ ಕಾಂಟ್ರಾಕ್ಟ್ ಮುಗಿಯೋಕೆ ಇನ್ನೂ ಒಂದು ವರ್ಷದ ಮೇಲಿದೆ. ಪ್ರೈವೇಟ್ ಸ್ಕೂಲಿನ ವಿಚಾರ ನಿನಗೆ ಗೊತ್ತೇ ಇದೆ, ಕೇಳಿಕೊಂಡು ಬಂದೆ, ಅದು ನಮ್ಮ ಕೈಲಿ ಆಗೋದಲ್ಲ.

ಒಂದು ಪ್ಲೇಹೋಮಿಗೆ ಸೇರಿಸಿ ನೋಡಿದೆ. ಎರಡು ಅಂಗಡಿ ಮಳಿಗೆ ಒಡೆದು ಒಂದು ಮಾಡಿರೋ ಜಾಗ, ಗೋಡೆ ತುಂಬ ಆನೆ, ಜಿರಾಫೆ ಬಣ್ಣ. ಮೊದಲ ದಿನ ಸಂಜೆ ಕರ್ಕೊಂಡ್ ಬಂದಾಗ ಇವಳು ಬೈಕ್ ಮೇಲೇ ತೂಕಡಿಸ್ತಿದ್ಲು. ಆಟ ಆಡಿ ದಣಿದಿದಾಳೆ ಅನ್ಕೊಂಡೆ. ಮಾರನೇ ದಿನ ಅವಳ ನೀರಿನ ಬಾಟಲು ನನ್ನ ಹತ್ರಾನೇ ಉಳಿದಿತ್ತು, ಕೊಡೋಣ ಅಂತ ಕೆಲಸದ ಮಧ್ಯೆ ಹೋದೆ. ಬೆಳಗಿನ ತಿಂಡಿ ಹೊತ್ತು ಆಗಷ್ಟೇ ಕಳೆದಿತ್ತು ಕಣೇ, ಅಷ್ಟೂ ಮಕ್ಕಳು ಚಾಪೆ ಮೇಲೆ ನಿದ್ದೆ ಮಾಡ್ತಿದ್ವು. ಒಂದು ಮಗುನೂ ಎದ್ದಿಲ್ಲ. ಒಂದೂ ಅಳ್ತಿಲ್ಲ. ಫ್ಯಾನ್ ಸದ್ದು ಬಿಟ್ರೆ ಇನ್ನೇನೂ ಇಲ್ಲ. ಸಿಂಚು ಕೆನ್ನೆ ತಟ್ಟಿದ್ರೆ ಕಣ್ಣು ಅರ್ಧ ತೆಗೆದು ಮುಚ್ಕೊಂಡ್ಲು. ಆಯಾ ನಗ್ತಾ, 'ನೆಗಡಿ ಸಿರಪ್ ಅಣ್ಣ, ಒಂದೇ ಮುಚ್ಚಳ, ಏನೂ ಆಗಲ್ಲ' ಅಂದ್ಲು. ನೀನು ನರ್ಸು, ಅದೇನು ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಅಲ್ಲೇ ಕೂಗಾಡಿ, ಅವಳನ್ನ ಹೆಗಲ ಮೇಲೆ ಹಾಕ್ಕೊಂಡು ಬಂದುಬಿಟ್ಟೆ. ಅವಳು ಮಧ್ಯಾಹ್ನ ಎದ್ದು ಅನ್ನ ಕೇಳೋವರೆಗೂ ಅವಳ ಮೂಗಿನ ಹತ್ರ ಬೆರಳು ಇಟ್ಕೊಂಡು ಕೂತಿದ್ದೆ.

ಆಮೇಲಿಂದ ಅವಳನ್ನ ವರ್ಕ್‌ಶಾಪಿಗೇ ಕರ್ಕೊಂಡ್ ಹೋಗ್ತಿದೀನಿ. ಸೋಮಲಿಂಗಪ್ಪನವರು ಒಳ್ಳೇ ಯಜಮಾನರು. 'ಮಷಿನ್ ಹತ್ರ ಬಿಡಬೇಡ ಭೈರೇಶಾ' ಅಂದ್ರು, ಅಷ್ಟೇ. ಮೂಲೇಲಿ ಗೋಣಿಚೀಲ ಹಾಸಿ ಸ್ಲೇಟು ಕೊಟ್ಟು ಕೂರಿಸ್ತೀನಿ. ಆದ್ರೆ ಲೇತ್ ಮಷಿನ್ ಅಂದ್ರೆ ಏನು ಅಂತ ನೋಡಿದೀಯಲ್ಲ. ಬಿಸಿ ಕಬ್ಬಿಣ ಸುರುಳಿ ಸುರುಳಿಯಾಗಿ ಹಾರಿ ಬೀಳತ್ತೆ, ಅವಳಿಗೆ ಅದು ಬಳೆ ಥರ ಕಾಣತ್ತೆ. ಅವಳನ್ನ ನೋಡ್ತಾ ನಿಂತ್ರೆ ನನ್ನ ಬೆರಳು ಹೋಗತ್ತೆ, ಬೆರಳು ನೋಡ್ಕೊಂಡ್ರೆ ಅವಳು ಕಣ್ಣಿಗೆ ಕಾಣಲ್ಲ.

ಹೋದ ಸೋಮವಾರ ಮಧ್ಯಾಹ್ನ ಒಂದು ಶಾಫ್ಟ್ ಅರ್ಜೆಂಟಾಗಿ ಬೇಕು ಅಂದ್ರು. ಯಜಮಾನರು ಇರಲಿಲ್ಲ. ಒಂದು ಕಟ್ ಮುಗಿಸಿ ಮಷಿನ್ ಆಫ್ ಮಾಡಿ ತಿರುಗಿ ನೋಡ್ತೀನಿ, ಗೋಣಿಚೀಲದ ಮೇಲೆ ಬರೀ ಸ್ಲೇಟು. ಚಪ್ಪಲಿ ಇಲ್ಲ.

ಕೂಗಿದೆ. ಮಷಿನ್‌ಗಳ ಕೆಳಗೆ ಬಗ್ಗಿ ನೋಡಿದೆ. ನಮ್ಮ ಗೋಡೆಗೆ ಅಂಟಿಕೊಂಡೇ ಕಬ್ಬಿಣಕ್ಕೆ ಲೇಪ ಕೊಡೋ ಪ್ಲೇಟಿಂಗ್ ಶೆಡ್ ಇದೆ. ಅಲ್ಲಿ ಆಸಿಡ್ ತೊಟ್ಟಿಗಳಿಗೆ ಮುಚ್ಚಳ ಇರಲ್ಲ ಕವನಾ. ಹಸಿರು ನೀರಿನ ತೊಟ್ಟಿ, ಕಂದು ನೀರಿನ ತೊಟ್ಟಿ, ಒಂದರ ತಳವೂ ಕಾಣಲ್ಲ. 'ಮಗು ಬಂತಾ?' ಅಂದೆ. ಅಲ್ಲಿದ್ದ ದುಂಡಪ್ಪ ನನ್ನ ಮುಖ ನೋಡಿ, ಏನೂ ಕೇಳದೆ ಒಂದು ಉದ್ದನೆ ಕೋಲು ತಗೊಂಡ. ತೊಟ್ಟಿಯೊಳಗೆ ಕೋಲು ಬಿಟ್ಟು ನಿಧಾನಕ್ಕೆ ಆಡಿಸಿ ನೋಡಿದ. ಒಂದಾದ ಮೇಲೆ ಒಂದು. ಪ್ರತಿ ಸಲ ಅವನು ಇಲ್ಲ ಅಂತ ತಲೆ ಅಲ್ಲಾಡಿಸೋವರೆಗೂ ಆ ಕೋಲನ್ನೇ ನೋಡ್ತಾ ನಿಂತಿದ್ದೆ. ಇದನ್ನ ನಿನಗೆ ಬರೀಬಾರದು ಅನ್ಕೊಂಡಿದ್ದೆ. ಆದ್ರೆ ಇದನ್ನ ಯಾರಿಗಾದ್ರೂ ಹೇಳಲೇಬೇಕಾಗಿತ್ತು, ನೀನು ಬಿಟ್ರೆ ನನಗೆ ಯಾರಿದಾರೆ?

ಅಲ್ಲಿಂದ ಮಾಗಡಿ ರೋಡಿಗೆ ಓಡಿದೆ. ಬಸ್ಸು, ಲಾರಿ, ಟೆಂಪೋ. ಸಿಗ್ನಲ್ ಹತ್ರ ಜನ ಗುಂಪು ಕಟ್ಟಿ ಕೆಳಗೆ ಏನನ್ನೋ ನೋಡ್ತಿದ್ರು. ನಿಂತಲ್ಲೇ ನಿಂತುಬಿಟ್ಟೆ. ಯಾರೋ ಪಕ್ಕಕ್ಕೆ ಸರಿದ್ರು, ಆಗ ಕಾಣಿಸ್ತು, ಎಳನೀರು ಗಾಡಿ ಮಗುಚಿ ಬಿದ್ದಿತ್ತು. ಅಲ್ಲೇ ಡಿವೈಡರ್ ಮೇಲೆ ಕೂತು ವಾಂತಿ ಮಾಡ್ಕೊಂಡೆ.

ಅಷ್ಟರಲ್ಲಿ ಮುನಿಲಕ್ಷ್ಮಮ್ಮನವರ ಫೋನ್. 'ಭೈರೇಶಪ್ಪ, ಗಾಬರಿ ಬೀಳಬೇಡ, ನಿನ್ ಮಗಳು ಇಲ್ಲಿ ಇಸ್ಕೂಲಲ್ಲಿ ಕುಂತವ್ಳೆ' ಅಂದ್ರು. ಕಿಟ್ಟೀನ ಕರ್ಕೊಂಡ್ ಬರೋಕೆ ಬೆಲ್‌ಗೆ ಮುಂಚೆನೇ ಹೋದವರು ಇವಳನ್ನ ನೋಡಿದಾರೆ. ನಾನು ಹೋದಾಗ ಎಲ್‌ಕೆಜಿ ರೂಮಲ್ಲಿ ಕೊನೇ ಬೆಂಚಲ್ಲಿ ಬಾಯಿ ಮೇಲೆ ಬೆರಳು ಇಟ್ಕೊಂಡು ಕೂತಿದ್ಲು. ಊಟದ ಬಿಡುವಲ್ಲಿ ಮಕ್ಕಳ ಜೊತೆ ಸೇರ್ಕೊಂಡು ಒಳಗೆ ಬಂದುಬಿಟ್ಟಿದಾಳೆ. ಟೀಚರ್ ತಲೆ ಎಣಿಸುವಾಗ ಒಂದು ಜಾಸ್ತಿ ಬಂತಂತೆ. ಯಾರಮ್ಮ ನೀನು ಅಂದ್ರೆ, 'ನಾನು ಸಿಂಚನಾ, ಗೆದ್ದೋಳು' ಅಂದಿದಾಳೆ. ದಿನಾ ಬೈಕಲ್ಲಿ ಆ ಗೇಟು ಮುಂದೇನೇ ಹೋಗ್ತೀವಲ್ಲ, ದಾರಿ ಗೊತ್ತಾಗಿದೆ. ರೋಡು ಹೇಗೆ ದಾಟಿದೆ ಪುಟ್ಟಿ ಅಂತ ಕೇಳಿದೆ. 'ಒಂದು ಆಂಟಿ ಸೀರೆ ಹಿಡ್ಕೊಂಡೆ' ಅಂದ್ಲು. ಯಾವ ಆಂಟಿಯೋ, ಅವರಿಗೆ ಗೊತ್ತಾಯ್ತೋ ಇಲ್ವೋ. ನಡುರೋಡಲ್ಲಿ ಆ ಸೆರಗು ಕೈ ಜಾರಿದ್ರೆ ಅನ್ನೋದು ಈಗಲೂ ಕಣ್ಣು ಮುಚ್ಚಿದಾಗ ಬರತ್ತೆ.

ಇವಳನ್ನ ಸೇರಿಸ್ಕೊಳ್ಳಿ ಅಂತ ಹೆಚ್ಚೆಮ್ ಮೇಡಂ ಕಾಲಿಗೆ ಬೀಳೋದೊಂದು ಬಾಕಿ. ಅವರು ನನಗೆ ನೀರು ಕೊಟ್ಟು ಕೂರಿಸಿ, 'ಇವಳ ಮುಖ ನನಗೂ ಮರೆತಿಲ್ಲ. ಆದ್ರೆ ಇವಳನ್ನ ಒಬ್ಬಳನ್ನ ಸೇರಿಸ್ಕೊಂಡ್ರೆ ಆವತ್ತು ಹಾಲಲ್ಲಿದ್ದ ಉಳಿದ ಅಪ್ಪ ಅಮ್ಮಂದಿರಿಗೆ ನಾನು ಏನು ಹೇಳ್ಲಿ?' ಅಂದ್ರು. ಯಾರಾದ್ರೂ ಬಿಟ್ಟು ಹೋದ್ರೆ ಸರದಿ ಪ್ರಕಾರ ಕರೀತಾರಂತೆ, ಸರದಿಯಲ್ಲಿ ನಮ್ಮ ಹೆಸರು ತುಂಬಾ ಕೆಳಗಿದೆ. ಅವರು ಹೇಳಿದ್ದು ನ್ಯಾಯವೇ. ನನಗೆ ಕೋಪ ಮಾಡ್ಕೊಳ್ಳೋಕೂ ಯಾರೂ ಸಿಗಲಿಲ್ಲ. ಸಿಂಚೂನ ಎತ್ತಿಕೊಳ್ಳೋಕೆ ಹೋದ್ರೆ ಬೆಂಚು ಗಟ್ಟಿಯಾಗಿ ಹಿಡ್ಕೊಂಡು, 'ಇನ್ನೂ ಬೆಲ್ ಹೊಡೆದಿಲ್ಲ ಅಪ್ಪಾ' ಅಂದ್ಲು. ಬೆಲ್ ಹೊಡೆಯೋವರೆಗೂ ಕೂತಿರಲಿ ಬಿಡಿ ಅಂದ್ರು ಟೀಚರ್. ನಾನು ಬಾಗಿಲಾಚೆ ನಿಂತಿದ್ದೆ.

ಇದೇ ಕಣೇ ವಿಷಯ. ಈಗ ಗಾಬರಿ ಆಗೋಂಥದ್ದು ಏನೂ ಇಲ್ಲ. ಇವಳು ಎಲ್ಲೂ ಹೋಗಲ್ಲ, ನನ್ನ ಕಣ್ಣೆದುರಿಗೇ ಇರ್ತಾಳೆ, ಅದಕ್ಕೊಂದು ವ್ಯವಸ್ಥೆ ಮಾಡಿದೀನಿ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕೋಣ. ನೀನು ಕಾಂಟ್ರಾಕ್ಟ್ ಮುಗಿಸ್ಕೊಂಡೇ ಬಾ, ಮಧ್ಯ ಬಿಟ್ಟು ಬಂದ್ರೆ ಅಲ್ಲಿ ಎಷ್ಟು ತೊಂದರೆ ಅಂತ ನನಗೆ ಗೊತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು. ಅವ್ವ ನಿನ್ನ ಹೆಸರು ಹೇಳಿ ಕೇಳ್ತಿರ್ತಾಳೆ. ಮುನಿಲಕ್ಷ್ಮಮ್ಮನವರು ನಿನಗೆ ಒಳ್ಳೇದಾಗಲಿ ಅಂತ ಹೇಳು ಅಂದಿದಾರೆ. ಸಿಂಚು ಎದ್ದಮೇಲೆ ಈ ಕಾಗದದ ಕೊನೇಲಿ ಅವಳ ಕೈಲಿ ಒಂದು 'ಅ' ಬರೆಸ್ತೀನಿ.

ನಿನ್ನ
ಭೈರೇಶ್

ಮರೆತದ್ದು: ಸೋಮವಾರ ಬೆಳಗ್ಗೆ, ವರ್ಕ್‌ಶಾಪಿಂದ. ಸಿಸ್ಟರ್ ತಮ್ಮ ಆಟೋ ನಿಲ್ಲಿಸ್ಕೊಂಡು ಆಚೆ ಕಾಯ್ತಿದಾನೆ. ಮರೆತದ್ದಲ್ಲ ಕವನಾ, ಬರೀದೆ ಬಿಟ್ಟಿದ್ದೆ. ವ್ಯವಸ್ಥೆ ಅಂದ್ನಲ್ಲ, ಅದು ನಿನ್ನ ಹಸಿರು ವೇಲು. ಆವತ್ತಿಂದ ಅದರಲ್ಲಿ ಅವಳ ಕಾಲನ್ನ ಇಲ್ಲಿ ಕೆಲಸದ ಬೆಂಚಿನ ಕಾಲಿಗೆ ಕಟ್ಟಿ ಕೆಲಸ ಮಾಡ್ತಿದೀನಿ. ಮೊದಲೆರಡು ದಿನ ತುಂಬಾ ಅತ್ಲು. ಆಮೇಲೆ ಅಳೋದು ನಿಲ್ಲಿಸಿದ್ಲು, ನನಗೂ ಸಮಾಧಾನ ಆಯ್ತು. ಈಗಷ್ಟೇ ಬಂದು ಗೋಣಿಚೀಲದ ಮೇಲೆ ಕೂತು, ನಾನು ಏನೂ ಹೇಳೋ ಮುಂಚೆನೇ ಅವಳಾಗೇ ಕಾಲು ಮುಂದೆ ಚಾಚಿ, 'ಕಟ್ಟು ಅಪ್ಪಾ' ಅಂದ್ಲು. ನಗ್ತಾ ಅಂದ್ಲು. ನನ್ನ ಕೈ ಬರ್ತಿಲ್ಲ. ಮಷಿನ್ ಇನ್ನೂ ಆನ್ ಮಾಡಿಲ್ಲ. ಮೇಲೆ 'ಕಾಂಟ್ರಾಕ್ಟ್ ಮುಗಿಸ್ಕೊಂಡೇ ಬಾ' ಅಂತ ಬರೆದದ್ದನ್ನ ನಂಬಬೇಡ, ಬಂದುಬಿಡು ಕಣೇ.